ಪಾರ್ಕಿನ್ಸನ್ ಇದ್ದೂ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ? ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಪಾರ್ಕಿನ್ಸನ್ ಅಂದರೆ ಕೈಕಾಲು ನಡುಗಿಸುವ, ಮೈ ಬಿಗಿಸಿ ನಿಧಾನ ಮಾಡುವ ಮಿದುಳಿನ ಕಾಯಿಲೆ. ಅದು ಇರುವವರು, ಅವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. "ಡಾಕ್ಟರು, ನೆಂಟರು, ಅಕ್ಕಪಕ್ಕದವರು ಎಲ್ಲರೂ ಧೈರ್ಯವಾಗಿರಿ, ಪಾಸಿಟಿವ್ ಆಗಿರಿ ಅಂತಾರೆ. ಹೇಗೆ ಇರೋದು ಅಂತ ಯಾರೂ ಹೇಳಲ್ಲ. ನೀವು ಹೇಗೆ ನಿಭಾಯಿಸ್ತಿದ್ದೀರಿ?"

ನನಗೆ ಈ ಕಾಯಿಲೆ ಇದೆ ಅಂತ ಗೊತ್ತಾಗಿ ಹತ್ತು ವರ್ಷ ಆಯಿತು. ಬೇರೆಯವರ ಬುದ್ಧಿಮಾತು ಕೇಳಿ ನನಗೆ ಒಂದು ದಿನವೂ ಉತ್ಸಾಹ ಬಂದದ್ದಿಲ್ಲ. ಮಾತ್ರೆಯ ಹೊತ್ತು, ಊಟದ ಹೊತ್ತು, ನಡಿಗೆ, ಮನೆಯ ನೆಲ, ಮನೆಯವರ ಜೊತೆಗಿನ ಮಾತು, ಇವನ್ನೆಲ್ಲ ಒಂದೊಂದಾಗಿ ಸರಿ ಮಾಡಿಕೊಂಡಾಗ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಯಿಲೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಸಾಮಾನ್ಯವಾಗಿ ನಿಧಾನವಾಗಿ ಹೋಗುತ್ತದೆ, ಮತ್ತು ನಡುವೆ ನಮಗೆ ಸಿಗುವ ಒಳ್ಳೆಯ ಗಂಟೆಗಳು ಬಹಳ ಇವೆ.

ಮಾತ್ರೆಯ ಪ್ರಮಾಣ, ಹೊಸ ಔಷಧಿ ಇವೆಲ್ಲ ನಿಮ್ಮ ನರರೋಗ ತಜ್ಞರು ಹೇಳಿದಂತೆಯೇ ಆಗಬೇಕು. ಇಲ್ಲಿ ಓದಿದ್ದನ್ನು ಅವರ ಹತ್ತಿರ ಮಾತಾಡಲು ಬಳಸಿಕೊಳ್ಳಿ.

ಮೊದಲು ನಾಲ್ಕು ಪದ

ಡೋಪಮಿನ್: ಮಿದುಳಿನ ಒಂದು ರಾಸಾಯನಿಕ. ಕೈಕಾಲು ಸರಾಗವಾಗಿ ಆಡಲು ಇದು ಬೇಕು. ಯಾವುದಾದರೂ ಕೆಲಸಕ್ಕೆ ಕೈ ಹಾಕಬೇಕು ಅನ್ನುವ ಆಸೆಗೂ ಇದು ಬೇಕು. ಪಾರ್ಕಿನ್ಸನ್‌ನಲ್ಲಿ ಇದನ್ನು ತಯಾರಿಸುವ ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ.

ಲೆವೊಡೋಪ: ನಮ್ಮಲ್ಲಿ ಹೆಚ್ಚಿನವರು ನುಂಗುವ ಮುಖ್ಯ ಮಾತ್ರೆ. ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ.

ಆನ್ ಮತ್ತು ಆಫ್: ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತು ಆನ್. ಅದರ ಬಲ ಇಳಿದು ಮೈ ಬಿಗಿಯುವ, ನಡುಕ ಜಾಸ್ತಿಯಾಗುವ ಹೊತ್ತು ಆಫ್.

ಫ್ರೀಜಿಂಗ್: ನಡೆಯುತ್ತಾ ಇರುವಾಗ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುವುದು.

ಬೇಕಾಗುವ ಸಾಮಾನು

ಒಂದು ಗೆರೆ ಹಾಕಿದ ನೋಟ್‌ಬುಕ್, ಅಲಾರಂ ಇರುವ ಫೋನು, ದಿನದ ಹೊತ್ತು ಬರೆದಿರುವ ಮಾತ್ರೆ ಡಬ್ಬಿ, ಬಣ್ಣದ ಅಂಟುಟೇಪು. ಜೊತೆಗೆ ಮನೆಯಲ್ಲಿ ಒಬ್ಬರು, ಇದನ್ನು ನಿಮ್ಮ ಜೊತೆ ಓದುವವರು.

ಹಂತ 1: ಕುಗ್ಗಿದ ಮನಸ್ಸನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸಿ

ಇದನ್ನು ಮೊದಲು ಇಟ್ಟಿರುವುದಕ್ಕೆ ಕಾರಣ ಇದೆ. ಇದು ಸರಿಯಾಗದೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗ, ಇದರಲ್ಲಿ ಬುದ್ಧಿಗೆ, ಇಂದ್ರಿಯಗಳಿಗೆ ಏನೂ ಧಕ್ಕೆ ಆಗುವುದಿಲ್ಲ ಎಂದಿದ್ದರು. ಆಮೇಲೂ ಬಹಳ ಕಾಲ ಇದನ್ನು ಬರೀ ಕೈಕಾಲಿನ ಕಾಯಿಲೆ ಅಂತಲೇ ನೋಡುತ್ತಿದ್ದರು. ಈಗ ಗೊತ್ತಿರುವುದು ಬೇರೆ. ಖಿನ್ನತೆ, ಆತಂಕ, ನಿದ್ದೆಗೇಡು, ಮಲಬದ್ಧತೆ, ವಾಸನೆ ತಿಳಿಯದಿರುವುದು ಇವೆಲ್ಲ ಕಾಯಿಲೆಯದೇ ಭಾಗ. ಎಷ್ಟೋ ಜನರಿಗೆ ಕೈ ನಡುಗಲು ಶುರುವಾಗುವ ಮೊದಲೇ ಇವು ಬಂದಿರುತ್ತವೆ. ಡೋಪಮಿನ್ ಜೊತೆಗೆ ಮನಸ್ಸಿನ ಸ್ಥಿತಿಯನ್ನು ನೋಡಿಕೊಳ್ಳುವ ಬೇರೆ ರಾಸಾಯನಿಕಗಳೂ ಕಡಿಮೆಯಾಗುವುದು ಇದಕ್ಕೆ ಒಂದು ಕಾರಣ.

ಅಂದರೆ ನೀವು ಬೆಳಿಗ್ಗೆ ಎದ್ದು, ಯಾಕಾದರೂ ಎದ್ದೆನೋ ಅಂದುಕೊಂಡರೆ ಅದು ನಿಮ್ಮ ಗುಂಡಿಗೆಯ ಬಲದ ಪ್ರಶ್ನೆ ಅಲ್ಲವೇ ಅಲ್ಲ. ನಡುಕಕ್ಕೆ ಮಾತ್ರೆ ಕೇಳುವಾಗ ನಮಗೆ ನಾಚಿಕೆ ಆಗುವುದಿಲ್ಲ, ಅಲ್ವಾ? ಇದಕ್ಕೂ ಹಾಗೆಯೇ ಕೇಳಬೇಕು.

ಈ ಕೆಳಗಿನವು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ವೈದ್ಯರಿಗೆ ಹೇಳಿ. ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ ಅನ್ನಿಸುವುದು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು. ನಾನು ಮನೆಯವರಿಗೆ ಭಾರ ಅನ್ನುವ ಯೋಚನೆ ಬಿಡದೆ ಕಾಡುವುದು. ಬದುಕಿರುವುದೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಸ್ಥಿತಿ ಇದೆ. ಬೇಜಾರು, ಅಳು ಏನೂ ಇಲ್ಲ, ಆದರೆ ಯಾವುದಕ್ಕೂ ಮನಸ್ಸು ಏಳುವುದಿಲ್ಲ. ಕುರ್ಚಿಯಲ್ಲಿ ಸುಮ್ನೆ ಕೂತಿರುವುದು. ವೈದ್ಯರು ಇದನ್ನು ಅಪಥಿ ಅನ್ನುತ್ತಾರೆ, ಅಂದರೆ ನಿರಾಸಕ್ತಿ. ಮನೆಯವರಿಗೆ ಇದು ಸೋಮಾರಿತನದ ಹಾಗೆ ಕಾಣುತ್ತದೆ. ಖಿನ್ನತೆಗೂ ಇದಕ್ಕೂ ದಾರಿ ಸ್ವಲ್ಪ ಬೇರೆ. ಇದಕ್ಕೆ "ಏಳು, ಏನಾದರೂ ಮಾಡು" ಅನ್ನುವುದು ನಾಟುವುದಿಲ್ಲ. "ನಾಲ್ಕು ಗಂಟೆಗೆ ಗೇಟಿನ ತನಕ ಹೋಗಿ ಬರೋಣ, ನಾನೂ ಬರ್ತೀನಿ" ಅನ್ನುವುದು ಬಹಳ ಸಲ ನಾಟುತ್ತದೆ.

ಎಚ್ಚರಿಕೆ: ವೈದ್ಯರ ಮುಂದೆ ಕೂತಾಗ ನಾವು ನಡುಕದ ಬಗ್ಗೆ ಮಾತ್ರ ಹೇಳಿ ಎದ್ದು ಬರುತ್ತೇವೆ. ಮನಸ್ಸಿನ ವಿಷಯವನ್ನು ಚೀಟಿಯಲ್ಲಿ ಮೊದಲನೇ ಸಾಲಿಗೆ ಬರೆದುಕೊಂಡು ಹೋಗಿ.

ಹಂತ 2: ಏಳು ದಿನ ಬರೆದಿಡಿ

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದು ಪುಟ. ನಾಲ್ಕು ಕಾಲಂ: ಹೊತ್ತು, ಮಾತ್ರೆ ಅಥವಾ ಊಟ, ಮೈ ಹೇಗಿದೆ, ಮನಸ್ಸು ಹೇಗಿದೆ. ಮೈಗೂ ಮನಸ್ಸಿಗೂ ಐದಕ್ಕೆ ಇಷ್ಟು ಅಂತ ಅಂಕ ಕೊಡಿ. ಗಂಟೆಗೊಂದು ಸಲ ಬರೆದರೆ ಒಳ್ಳೆಯದು, ಎರಡು ಗಂಟೆಗೊಂದು ಸಲವಾದರೂ ಸಾಕು. ಕೈಬರಹ ಇರುವೆ ಸಾಲಿನಷ್ಟು ಚಿಕ್ಕದಾಗಿದ್ದರೆ ಮನೆಯವರು ಬರೆಯಲಿ. ನೀವೇ ಬರೆಯುವುದಾದರೆ ಎರಡು ಗೆರೆ ತುಂಬುವ ಹಾಗೆ ದೊಡ್ಡದಾಗಿ ಬರೆಯಿರಿ, ಅದೇ ಒಂದು ವ್ಯಾಯಾಮ.

ಹೀಗೆ:

7.00, ಮಾತ್ರೆ, ಮೈ 1, ಮನಸ್ಸು 1
8.00, ಇನ್ನೂ ತಿಂಡಿ ಇಲ್ಲ, ಮೈ 4, ಮನಸ್ಸು 3
10.00, ಏನೂ ಇಲ್ಲ, ಮೈ 4, ಮನಸ್ಸು 4
11.30, ಏನೂ ಇಲ್ಲ, ಮೈ 2, ಮನಸ್ಸು 1

ಇದು ನನ್ನ ಹಳೆಯ ಒಂದು ಪುಟ. ಏಳು ಪುಟ ಆದಮೇಲೆ ಸಾಲಾಗಿ ಇಟ್ಟು ನೋಡಿದೆ. ದಿನಾ ಹನ್ನೊಂದೂವರೆಗೆ ನನಗೆ ಸಾಯುವಷ್ಟು ಹೆದರಿಕೆ ಆಗುತ್ತಿತ್ತು. ಮಗಳ ಚಿಂತೆ, ದುಡ್ಡಿನ ಚಿಂತೆ, ಮುಂದೆ ಏನು ಗತಿ ಅನ್ನುವುದು, ಎಲ್ಲ ಆ ಹೊತ್ತಿಗೇ ಮುತ್ತುತ್ತಿತ್ತು. ಅದು ಮಾತ್ರೆಯ ಬಲ ಇಳಿಯುವ ಹೊತ್ತು. ಮೈ ಆಫ್ ಆಗುವ ಮುಂಚೆ ಮನಸ್ಸು ಆಫ್ ಆಗುತ್ತಿತ್ತು. ನನ್ನ ವೈದ್ಯರು ಆ ಏಳು ಪುಟ ನೋಡಿ ಮಾತ್ರೆಯ ಹೊತ್ತುಗಳನ್ನು ಹತ್ತಿರ ಹತ್ತಿರ ತಂದರು. ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೆ ಬಂದಾಗ ಗಡಿಯಾರ ನೋಡಿ, "ಇದು ಹನ್ನೊಂದೂವರೆಯದು, ಹನ್ನೆರಡೂಕಾಲಿಗೆ ಹೋಗುತ್ತೆ" ಅಂದುಕೊಳ್ಳಲು ಬಂತು. ಆಫ್ ಹೊತ್ತಿನಲ್ಲಿ ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ ಅಂತ ಎಲ್ಲರಿಗೂ ಹೇಳುವುದು ಇದಕ್ಕೇ.

ಹಂತ 3: ಮಾತ್ರೆಗೂ ಊಟಕ್ಕೂ ಜಗಳ ಆಗದಂತೆ ನೋಡಿಕೊಳ್ಳಿ

ಲೆವೊಡೋಪ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲೇ ಪ್ರೋಟೀನಿನ ಅಂಶಗಳೂ ಹೋಗುತ್ತವೆ. ಇಬ್ಬರೂ ಒಟ್ಟಿಗೆ ಬಾಗಿಲಿಗೆ ಬಂದರೆ ಮಾತ್ರೆ ಹೊರಗೇ ಕಾಯುತ್ತದೆ. ಕಾಯಿಲೆ ಕೆಲವು ವರ್ಷ ಹಳೆಯದಾದ ಮೇಲೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮ ಮನೆಗಳಲ್ಲಿ ಆಗುವ ತಪ್ಪು ಯಾವುದು ಗೊತ್ತಾ? ಬೆಳಗಿನ ಕಾಫಿ. ಗಟ್ಟಿ ಹಾಲಿನ ಕಾಫಿಯ ಜೊತೆಗೇ ಮಾತ್ರೆ ನುಂಗಿ, "ಯಾಕೋ ಇವತ್ತು ಮಾತ್ರೆ ಹಿಡೀಲೇ ಇಲ್ಲ" ಅನ್ನುತ್ತೇವೆ. ಒಂದು ಲೋಟ ನೀರಿನಲ್ಲಿ ಮಾತ್ರೆ ತಗೊಳ್ಳಿ. ಕಾಫಿ, ತಿಂಡಿ ಅರ್ಧ ಗಂಟೆ ಬಿಟ್ಟು. ಊಟ ಆಗಿಬಿಟ್ಟಿದ್ದರೆ ಒಂದರಿಂದ ಒಂದೂವರೆ ಗಂಟೆ ಬಿಟ್ಟು ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಹೊಟ್ಟೆ ತೊಳಸಿದರೆ ಒಂದೆರಡು ಬಿಸ್ಕತ್ತೋ ಸ್ವಲ್ಪ ಮಂಡಕ್ಕಿಯೋ ತಿನ್ನಬಹುದು.

ಎಚ್ಚರಿಕೆಗಳು ಈ ಹಂತದಲ್ಲಿ ಜಾಸ್ತಿ ಇವೆ, ದಯವಿಟ್ಟು ನಿಧಾನವಾಗಿ ಓದಿ.

ಬೇಳೆ, ಮೊಸರು, ಮೊಟ್ಟೆ ಪೂರ್ತಿ ಬಿಡಬೇಡಿ. ಬಿಟ್ಟರೆ ಮಾಂಸಖಂಡ ಕರಗುತ್ತದೆ, ನಾವು ಎಡವಿ ಬೀಳುವುದು ಜಾಸ್ತಿಯಾಗುತ್ತದೆ. ಹೊತ್ತು ಮಾತ್ರ ಬದಲಿಸಿ. ತುಂಬಾ ಏರುಪೇರು ಇರುವವರಿಗೆ ಪ್ರೋಟೀನ್ ಹೆಚ್ಚಿನ ಪಾಲನ್ನು ರಾತ್ರಿ ಊಟಕ್ಕೆ ಹಾಕಿ ಅಂತ ವೈದ್ಯರು ಹೇಳುವುದುಂಟು.

ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಏಕಾದಶಿ ಉಪವಾಸ, ಮದುವೆ ಮನೆ, ಊರಿಗೆ ಹೋದಾಗ ಡಬ್ಬಿ ಮರೆತದ್ದು, ಯಾವ ಕಾರಣಕ್ಕೂ ಬೇಡ. ಒಮ್ಮೆಲೇ ನಿಲ್ಲಿಸಿದರೆ ವಿಪರೀತ ಜ್ವರ, ಮೈ ಸೆಟೆದುಕೊಳ್ಳುವುದು, ಪ್ರಜ್ಞೆ ಮಂಕಾಗುವುದು ಆಗಿ ಜೀವಕ್ಕೇ ಅಪಾಯ ಬರಬಹುದು.

ವಾಂತಿಗೆ, ತಲೆಸುತ್ತಿಗೆ, ನಿದ್ದೆಗೆ ಕೊಡುವ ಕೆಲವು ಮಾತ್ರೆಗಳು ಡೋಪಮಿನ್ನನ್ನು ತಡೆಯುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ರಂಪ ಮಾಡುವವರನ್ನು ಸುಮ್ಮನಾಗಿಸಲು ಕೊಡುವ ಹ್ಯಾಲೊಪೆರಿಡಾಲ್ ಇವು ನಮಗೆ ಆಗಿಬರುವುದಿಲ್ಲ. ಬೇರೆ ಕಾಯಿಲೆಗೆ ಒಂದು ಆಸ್ಪತ್ರೆಗೆ ಸೇರಿದ್ದಾಗ ನನಗೆ ವಾಂತಿಯ ಇಂಜೆಕ್ಷನ್ ಕೊಟ್ಟು, ಎರಡು ದಿನ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗಲಿಲ್ಲ. ಆಮೇಲಿಂದ ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ, ಮಾತ್ರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ನೀವೂ ಇವತ್ತೇ ಬರೆದಿಡಿ.

ಡೋಪಮಿನ್ ಹಾಗೆಯೇ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಮಾತ್ರೆ ತಗೊಳ್ಳುವವರ ಮನೆಯವರಿಗೆ ಒಂದು ಮಾತು. ಕೆಲವರಲ್ಲಿ ಇವು ತಡೆಯಲಾಗದ ಚಟ ಹಚ್ಚುತ್ತವೆ. ಆನ್‌ಲೈನ್ ಜೂಜು, ಬೇಡದ ಸಾಮಾನು ಕೊಳ್ಳುವುದು, ಅತಿಯಾದ ಕಾಮಾಸಕ್ತಿ. ಇದು ನಡತೆ ಕೆಟ್ಟಿದ್ದಲ್ಲ, ಮಾತ್ರೆಯ ಅಡ್ಡ ಪರಿಣಾಮ. ಬೈದು ಮರ್ಯಾದೆ ಕಳೆಯಬೇಡಿ, ವೈದ್ಯರಿಗೆ ಹೇಳಿ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಇಲ್ಲದ ಮನುಷ್ಯರೋ ಬೆಕ್ಕೋ ಕಣ್ಣಿಗೆ ಕಾಣಲು ಶುರುವಾದರೂ ಹೀಗೇ, ಹೆದರದೆ ಹೇಳಬೇಕು.

ಇನ್ನು ನಸುಗುನ್ನಿ. "ನಾಟಿ ಔಷಧಿಯಲ್ಲಿ ಪೂರ್ತಿ ವಾಸಿ ಮಾಡ್ತಾರಂತೆ, ಹೋಗಲಾ?" ಅಂತ ಬಹಳ ಜನ ಕೇಳುತ್ತಾರೆ. ನಸುಗುನ್ನಿ ಬೀಜದಲ್ಲಿ ಲೆವೊಡೋಪ ಸಹಜವಾಗಿಯೇ ಇದೆ, ಅದು ನಿಜ. ಆಯುರ್ವೇದ ಕಂಪವಾತಕ್ಕೆ, ಅಂದರೆ ನಡುಕದ ಕಾಯಿಲೆಗೆ, ಅದನ್ನು ಹಿಂದಿನಿಂದಲೂ ಬಳಸಿದೆ. ಅದಕ್ಕೇ ಅಪಾಯ ಕೂಡ. ಪುಡಿಯಲ್ಲಿ ಎಷ್ಟು ಇದೆ ಅಂತ ಲೆಕ್ಕ ಸಿಗುವುದಿಲ್ಲ, ನುಂಗುತ್ತಿರುವ ಮಾತ್ರೆಯ ಮೇಲೆ ಅದೂ ಸೇರಿ ಮೈ ತಾನಾಗಿ ತಿರುಚಾಡುವುದು, ಭ್ರಮೆ, ರಕ್ತದೊತ್ತಡ ಇಳಿಯುವುದು ಆಗಬಹುದು. ತಗೊಳ್ಳಲೇಬೇಕು ಅನ್ನಿಸಿದರೆ ನರರೋಗ ತಜ್ಞರಿಗೆ ಹೇಳಿಯೇ ತಗೊಳ್ಳಿ. "ಪೂರ್ತಿ ವಾಸಿ" ಅನ್ನುವವರಿಗೆ, ಸ್ಟೆಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳುವವರಿಗೆ ದುಡ್ಡು ಕೊಡಬೇಡಿ. ಈ ಕಾಯಿಲೆಯನ್ನು ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ಮಿದುಳಿಗೆ ಸಣ್ಣ ತಂತಿ ಇಟ್ಟು ವಿದ್ಯುತ್ ಕೊಡುವ ಡಿಬಿಎಸ್ ಶಸ್ತ್ರಚಿಕಿತ್ಸೆ ಕೂಡ ಕೆಲವರಿಗೆ ನಡುಕ, ಆಫ್ ಹೊತ್ತು ಕಡಿಮೆ ಮಾಡುತ್ತದೆ ಅಷ್ಟೇ. ಪ್ರತಿ ಸುಳ್ಳು ಆಸೆ ಮುರಿದಾಗ ಮನಸ್ಸು ಮೊದಲಿಗಿಂತ ಕೆಳಗೆ ಹೋಗುತ್ತದೆ. ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಹಂತ 4: ಒಳ್ಳೆಯ ಗಂಟೆಗಳನ್ನು ಇಷ್ಟದ ಕೆಲಸಕ್ಕೆ ಕೊಡಿ

ಏಳು ದಿನದ ಪುಟಗಳಿಂದ ನಿಮ್ಮ ಒಳ್ಳೆಯ ಗಂಟೆ ಯಾವುದು ಅಂತ ಗೊತ್ತಾಯಿತಲ್ಲ. ನಾವು ಏನು ಮಾಡುತ್ತೇವೆ ಅಂದರೆ, ಆ ಗಂಟೆಯನ್ನು ಸ್ನಾನಕ್ಕೆ, ಬಿಲ್ಲು ಕಟ್ಟುವುದಕ್ಕೆ, ಟಿವಿಗೆ ಕಳೆದು, ಮೈ ಬಿಗಿದ ಮೇಲೆ "ನನ್ನ ಕೈಲಿ ಏನೂ ಆಗಲ್ಲ" ಅಂತ ಕೂರುತ್ತೇವೆ. ದಿನಕ್ಕೆ ಒಂದು ಒಳ್ಳೆಯ ಗಂಟೆಯಾದರೂ ಮನಸ್ಸಿಗೆ ಖುಷಿ ಕೊಡುವ ಕೆಲಸಕ್ಕೆ ಮೀಸಲಿಡಿ. ಅಲಾರಂ ಇಡಿ. ಆ ಹೊತ್ತಿಗೆ ಯಾರಾದರೂ ಬಂದರೆ ಆಮೇಲೆ ಬನ್ನಿ ಅನ್ನಿ.

ಹಳೆಯ ಕೆಲಸ ಹಳೆಯ ಹಾಗೇ ಆಗುವುದಿಲ್ಲ. ಅದನ್ನು ಬಿಡುವ ಮೊದಲು ಬೇರೆ ರೂಪದಲ್ಲಿ ಆಗುತ್ತದಾ ನೋಡಿ. ಚಾಕು ಹಿಡಿದು ತರಕಾರಿ ಹೆಚ್ಚುವುದು ನನಗೆ ಈಗ ಅಪಾಯ. ಆದರೆ ಅವರೆಕಾಯಿ ಕಾಲದಲ್ಲಿ ಹಿತಕವರೆ ಮಾಡುವುದು ನನ್ನ ಕೆಲಸ. ರಾತ್ರಿ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕೂರುತ್ತೇನೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಇಟ್ಟು ಒತ್ತಬೇಕು. ಮೊದಲ ಹತ್ತು ಕಾಳು ಜಾರುತ್ತವೆ. ಬೆರಳು ನಡುಗುತ್ತದೆ, ಕಾಳು ಕೆಳಗೆ ಬೀಳುತ್ತದೆ. ಆಮೇಲೆ ಒಂದು ಕಾಳು ಸಿಪ್ಪೆ ಬಿಟ್ಟು ಪಟ್ ಅಂತ ಪಾತ್ರೆಗೆ ಹಾರುತ್ತದೆ, ಆಮೇಲೆ ಇನ್ನೊಂದು. ಏನಾದರೂ ಗಟ್ಟಿಯಾಗಿ ಹಿಡಿದು ಮಾಡುವಾಗ ಸುಮ್ನೆ ಕೂತಿರುವಾಗಿನ ನಡುಕ ಎಷ್ಟೋ ಕಡಿಮೆ ಆಗುತ್ತದೆ, ಪಾರ್ಕಿನ್ಸನ್ ನಡುಕದ ಗುಣವೇ ಅದು. ಒಂದು ಸೇರು ಹಿತುಕಲು ನನಗೆ ಈಗ ಒಂದು ಬೆಳಿಗ್ಗೆಯೇ ಬೇಕು. ಆ ದಿನದ ಸಾರು ಎಲ್ಲರೂ ಉಣ್ಣುತ್ತಾರೆ.

ನಿಮ್ಮದು ಬೇರೆ ಇರಬಹುದು. ಹೂ ಕಟ್ಟುವವರು ದಾರದ ಬದಲು ದಪ್ಪ ಬಾಳೆನಾರು ಹಿಡಿದು ನೋಡಿ. ಹಾಡುವವರು ಕುಳಿತು ಹಾಡಿ. ತೋಟದ ಕೆಲಸದವರು ನೆಲದ ಬದಲು ಎತ್ತರದ ಕಟ್ಟೆಯ ಮೇಲೆ ಕುಂಡ ಇಟ್ಟುಕೊಳ್ಳಿ.

ಎಚ್ಚರಿಕೆ: ಮೈ ಚೆನ್ನಾಗಿದೆ ಅಂತ ಒಂದೇ ದಿನ ವಾರದ ಕೆಲಸವನ್ನೆಲ್ಲ ಮುಗಿಸಲು ಹೋಗಬೇಡಿ. ಮಾರನೇ ದಿನ ಹಾಸಿಗೆ ಹಿಡಿಸುತ್ತದೆ.

ಹಂತ 5: ವ್ಯಾಯಾಮವನ್ನು ಮಾತ್ರೆ ಡಬ್ಬಿಯ ಪಕ್ಕ ಇಡಿ

ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ. ವೇಗದ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್, ಕುಣಿತ, ಯೋಗ ಯಾವುದಾದರೂ ಸರಿ. ನೀವು ಬಿಡದೆ ಮಾಡುವಂಥದ್ದು ಆಗಿರಬೇಕು. ನಡಿಗೆಗೆ, ನಿದ್ದೆಗೆ, ಮಲಬದ್ಧತೆಗೆ, ಮನಸ್ಸಿಗೆ ಒಟ್ಟಿಗೆ ಆಗಿಬರುವ ಉಪಾಯ ಇದೊಂದೇ ನನಗೆ ಗೊತ್ತಿರುವುದು. ಆನ್ ಹೊತ್ತಿನಲ್ಲೇ ಮಾಡಿ.

ಈ ಕಾಯಿಲೆ ಎಲ್ಲವನ್ನೂ ಚಿಕ್ಕದು ಮಾಡುತ್ತದೆ. ಹೆಜ್ಜೆ, ಅಕ್ಷರ, ದನಿ. ನಮಗೆ ಸರಿಯಾಗೇ ಮಾಡುತ್ತಿದ್ದೇವೆ ಅನ್ನಿಸುತ್ತಿರುತ್ತದೆ. ಅದಕ್ಕೆ ಬೇಕು ಅಂತಲೇ ದೊಡ್ಡದು ಮಾಡಬೇಕು. ಹೆಜ್ಜೆ ಇಡುವಾಗ ಹಿಮ್ಮಡಿ ಮೊದಲು ನೆಲಕ್ಕೆ, ಕೈ ಬೀಸಿ. ದಿನಾ ಹತ್ತು ನಿಮಿಷ ದಿನಪತ್ರಿಕೆಯನ್ನೋ ವಚನಗಳನ್ನೋ ಗಟ್ಟಿಯಾಗಿ ಓದಿ, ಪಕ್ಕದ ಕೋಣೆಯವರಿಗೆ ಕೇಳಿಸಬೇಕು. ನಿಮಗೆ ಕಿರುಚಿದ ಹಾಗೆ ಅನ್ನಿಸಿದರೆ ಕೇಳುವವರಿಗೆ ಸರಿಯಾಗಿದೆ ಅಂತ ಲೆಕ್ಕ. ಫೋನಿನಲ್ಲಿ "ಏನು? ಕೇಳಿಸ್ತಿಲ್ಲ" ಅನ್ನಿಸಿಕೊಂಡು ಅನ್ನಿಸಿಕೊಂಡು ಮಾತು ನಿಲ್ಲಿಸಿದವರು ನಮ್ಮಲ್ಲಿ ಬಹಳ ಇದ್ದಾರೆ. ಮಾತು ನಿಂತರೆ ಮನಸ್ಸು ಒಂಟಿಯಾಗುತ್ತದೆ. ಇದಕ್ಕೆಂದೇ ತರಬೇತಿ ಪಡೆದ ಸ್ಪೀಚ್ ಥೆರಪಿಸ್ಟ್‌ಗಳಿದ್ದಾರೆ.

ಎಚ್ಚರಿಕೆ: ಎದ್ದ ಕೂಡಲೇ ತಲೆ ಸುತ್ತಿದರೆ ರಕ್ತದೊತ್ತಡ ಇಳಿಯುತ್ತಿರಬಹುದು. ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಿ, ಮತ್ತು ವೈದ್ಯರಿಗೆ ತಿಳಿಸಿ.

ಹಂತ 6: ಹೊಸ್ತಿಲನ್ನು ಗೆಲ್ಲಿ

ಫ್ರೀಜಿಂಗ್ ಜಾಸ್ತಿ ಆಗುವುದು ಬಾಗಿಲಲ್ಲಿ, ಇಕ್ಕಟ್ಟಿನಲ್ಲಿ, ತಿರುಗುವಾಗ. ನಮ್ಮ ಮನೆಗಳಲ್ಲಿ ಹೊಸ್ತಿಲು ಬೇರೆ. ದೇವರ ಮನೆಯ ಮುಂದೆ ಕಾಲು ಕಿತ್ತಿಡಲಾಗದೆ ನಿಂತಿರುವಾಗ ಹಿಂದಿನಿಂದ ಯಾರೋ "ನಡೀರಿ, ನಡೀರಿ" ಅಂದರೆ ಕಾಲು ಇನ್ನಷ್ಟು ಅಂಟುತ್ತದೆ.

ಹೀಗೆ ಮಾಡಿ. ನಿಲ್ಲಿ, ಕಾಲಿನ ಜೊತೆ ಹೋರಾಡಬೇಡಿ. ಉಸಿರು ಬಿಡಿ. ಮೈಭಾರವನ್ನು ಎಡಕ್ಕೆ ಬಲಕ್ಕೆ ಎರಡು ಸಲ ತೂಗಿ. ನೆಲದ ಮೇಲೆ ಒಂದು ಗೆರೆ ನೋಡಿ, ಅದನ್ನು ದಾಟಿ. "ಒಂದು, ಎರಡು" ಅಂತ ಎಣಿಸಿದರೂ, ತಾಳದ ಹಾಡು ಗುನುಗಿದರೂ ಕಾಲು ಏಳುತ್ತದೆ. ತಾನಾಗಿ ನಡೆಯುವ ದಾರಿ ಮಿದುಳಿನಲ್ಲಿ ಕೆಟ್ಟಿದ್ದರೂ, ಕಣ್ಣಿಂದ, ಕಿವಿಯಿಂದ ಸುಳಿವು ಸಿಕ್ಕರೆ ಅದು ಬೇರೆ ದಾರಿ ಬಳಸುತ್ತದೆ.

ಬಣ್ಣದ ಟೇಪು ಬೇಕು ಅಂದದ್ದು ಇದಕ್ಕೆ. ಹೊಸ್ತಿಲ ಎರಡೂ ಕಡೆ, ಬಚ್ಚಲು ಮನೆಯ ದಾರಿಯಲ್ಲಿ ಒಂದೊಂದು ಹೆಜ್ಜೆಗೆ ಅಡ್ಡಗೆರೆ ಅಂಟಿಸಿ. ನಮ್ಮ ಮನೆಯ ಮುಂಬಾಗಿಲಲ್ಲಿ ಮಗಳು ಬೆಳಿಗ್ಗೆ ರಂಗೋಲಿ ಹಾಕಿದ ಮೇಲೆ ಪಕ್ಕದಲ್ಲಿ ನನಗೆ ಅಂತ ಎರಡು ಉದ್ದ ಎಳೆ ಎಳೆಯುತ್ತಾಳೆ. ಅವನ್ನು ದಾಟಿಕೊಂಡೇ ನಾನು ದಿನಾ ಹೊರಗೆ ಹೋಗುವುದು.

ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯಬೇಡಿ, ನಾಲ್ಕೈದು ಹೆಜ್ಜೆಯ ಅರ್ಧ ಸುತ್ತು ಹಾಕಿ. ನಡೆಯುವಾಗ ಮಾತಾಡಬೇಡಿ, ಕೈಯಲ್ಲಿ ತಟ್ಟೆ ಲೋಟ ಬೇಡ. ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿ ಪಟ್ಟಿ ಇರುವುದು ಹಾಕಿ. ಕಾಲಿಗೆ ಸಿಕ್ಕುವ ಕಾಲೊರಸು, ಉದ್ದ ಪಂಚೆ, ಜಾರುವ ಬಚ್ಚಲು ನೆಲ ಇವನ್ನು ಈ ವಾರವೇ ಸರಿ ಮಾಡಿ. ಒಂದು ಸಲ ಬಿದ್ದರೆ ಮೂಳೆಗಿಂತ ಮೊದಲು ಧೈರ್ಯ ಮುರಿಯುತ್ತದೆ, ಆಮೇಲೆ ಹೊರಗೆ ಹೋಗುವುದೇ ನಿಲ್ಲುತ್ತದೆ.

ಹಂತ 7: ಜನರಿಗೆ ಹೇಳಲು ಒಂದು ಮಾತು ಸಿದ್ಧ ಇಟ್ಟುಕೊಳ್ಳಿ

ಕೈ ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಾನು ಎರಡು ವರ್ಷ ಕಳೆದೆ. ಬಚ್ಚಿಡುವ ಆತಂಕಕ್ಕೇ ನಡುಕ ಜಾಸ್ತಿ ಆಗುತ್ತದೆ. ಈಗ ಮೊದಲೇ ಹೇಳಿಬಿಡುತ್ತೇನೆ: "ನನಗೆ ಪಾರ್ಕಿನ್ಸನ್ ಇದೆ. ಕೈ ನಡುಗುತ್ತೆ, ನಿಧಾನ ಆಗುತ್ತೆ, ಏನೂ ತೊಂದರೆ ಇಲ್ಲ." ಬಸ್ಸಿನಲ್ಲಿ ತೂರಾಡಿದರೆ ಕುಡಿದಿದ್ದಾರೆ ಅಂದುಕೊಳ್ಳುವವರಿಗೂ ಇದೇ ಮಾತು. ಹೇಳಿದ ಮೇಲೆ ಎದುರಿನವರ ಮುಖ ಸಡಿಲವಾಗುವುದನ್ನು ನೀವೇ ನೋಡುತ್ತೀರಿ.

ಮದುವೆ ಊಟ ಬಿಡಬೇಡಿ. ಮೊದಲ ಪಂಕ್ತಿಗೆ ಕೂರಿಸಿ ಅಂತ ಕೇಳಿ, ಮಾತ್ರೆಯ ಹೊತ್ತು ತಪ್ಪುವುದಿಲ್ಲ. ದಪ್ಪ ಹಿಡಿಯ ಚಮಚ ಮನೆಯಿಂದಲೇ ತಗೊಂಡು ಹೋಗಿ. ಲೋಟ ಅರ್ಧ ತುಂಬಿಸಿ ಅನ್ನಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಚಿಕ್ಕ ಚಿಕ್ಕ ತುತ್ತು, ಬಾಯಲ್ಲಿ ತುತ್ತು ಇರುವಾಗ ಮಾತು ಬೇಡ, ಮತ್ತು ಇದನ್ನೂ ವೈದ್ಯರಿಗೆ ಹೇಳಿ.

ನಮ್ಮಂಥವರೇ ನಾಲ್ಕು ಜನ ಸೇರುವ ಜಾಗ ಹುಡುಕಿ. ಮುಂಬೈಯಲ್ಲಿ 2001ರಲ್ಲಿ ಶುರುವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಇಂಥ ಗುಂಪುಗಳನ್ನು ನಡೆಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಯ ತಜ್ಞರಿದ್ದಾರೆ. ಹತ್ತಿರದಲ್ಲಿ ಏನೂ ಇಲ್ಲದಿದ್ದರೆ ನಿಮ್ಮ ವೈದ್ಯರನ್ನು ಕೇಳಿ, ನಿಮ್ಮ ಊರಿನಲ್ಲಿ ಈ ಕಾಯಿಲೆ ಇರುವ ಇನ್ನೊಬ್ಬರಿಗೆ ನಿಮ್ಮ ಫೋನ್ ನಂಬರು ಕೊಡಲು ಹೇಳಿ. ಇಬ್ಬರು ಸಾಕು.

ಹಂತ 8: ಈ ಪುಟ ಮನೆಯವರಿಗೆ

ಮುಖದ ಸ್ನಾಯುಗಳೂ ಬಿಗಿಯುವುದರಿಂದ ನಮ್ಮ ಮುಖದಲ್ಲಿ ನಗು ಕಾಣುವುದಿಲ್ಲ. ಮೊಮ್ಮಗು ಚಿತ್ರ ಬರೆದು ತಂದು ತೋರಿಸಿದಾಗ ಒಳಗೆ ಎಷ್ಟು ಖುಷಿ ಇದ್ದರೂ ಮುಖ ಕಲ್ಲಿನ ಹಾಗೆ ಇರುತ್ತದೆ. ಅಜ್ಜ ಅಜ್ಜಿಗೆ ಕೋಪ ಅಂತ ಮಕ್ಕಳು ದೂರ ಹೋಗುತ್ತಾರೆ. ಮುಖ ನೋಡಿ ತೀರ್ಮಾನ ಮಾಡಬೇಡಿ, ಬಾಯಿಬಿಟ್ಟು ಕೇಳಿ. ನಾವೂ ಬಾಯಿಬಿಟ್ಟು ಹೇಳಬೇಕು: "ನಂಗೆ ಬಹಳ ಖುಷಿಯಾಯ್ತು ಕಂದ."

ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ಮೊದಲೇ ಶುರು ಮಾಡಿಸಿ. ಕೈಯಿಂದ ಕಿತ್ತುಕೊಂಡು ನೀವೇ ಹಾಕಬೇಡಿ. ಹೊರಡುವ ಅವಸರದ ದಿನ ಮೊದಲೇ ಕೇಳಿ, ಸಹಾಯ ಮಾಡಲಾ ಅಂತ. ನಿದ್ದೆಯಲ್ಲಿ ಕಿರುಚಿ ಒದೆಯುವುದು ಕೂಡ ಕಾಯಿಲೆಯದೇ, ಅದಕ್ಕೆ ಔಷಧಿ ಇದೆ.

ಮತ್ತೆ, ನೋಡಿಕೊಳ್ಳುವವರೇ, ನಿಮ್ಮ ಆರೋಗ್ಯ ಕೆಟ್ಟರೆ ಇಬ್ಬರೂ ಮಲಗಬೇಕಾಗುತ್ತದೆ. ವಾರಕ್ಕೆ ಒಂದು ಮಧ್ಯಾಹ್ನ ಬೇರೆ ಯಾರಾದರೂ ಜೊತೆಗಿರಲಿ, ನೀವು ಹೊರಗೆ ಹೋಗಿ. ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ, ಆದರೂ ಹೋಗಿ. ನಿಮಗೆ ಸಿಟ್ಟು, ಅಳು ಬರುವುದು ಸಹಜ. ಮೇಲೆ ಕೊಟ್ಟ 14416 ನಿಮಗೂ ಹೌದು.

ಹಂತ 9: ಕಾಗದಪತ್ರ ಈಗಲೇ ಮುಗಿಸಿ

ರಾತ್ರಿ ಕಾಡುವ ಚಿಂತೆಗಳಲ್ಲಿ ಅರ್ಧ ಕಾಗದದ ಚಿಂತೆ. ಕೈ ಇನ್ನೂ ಸಹಿ ಮಾಡುವಾಗಲೇ ಬ್ಯಾಂಕಿನಲ್ಲಿ ಜಂಟಿ ಖಾತೆ, ನಾಮಿನಿ ಸರಿ ಮಾಡಿಸಿ. ಸಹಿ ಹೊಂದುವುದಿಲ್ಲ ಅಂತ ಚೆಕ್ಕು ವಾಪಸು ಬರಲು ಶುರುವಾದರೆ ಹೆದರಬೇಡಿ. ಕಾಯಿಲೆಯಿಂದ ಸಹಿ ಮಾಡಲಾಗದವರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಳ್ಳಲು ರಿಸರ್ವ್ ಬ್ಯಾಂಕಿನ ಸೂಚನೆ ಇದೆ, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನವರೇ ಇರಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಹೇಳಿರುವ 21 ವಿಧಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ಹೆಚ್ಚಿನ ಸೌಲಭ್ಯಗಳಿಗೆ ಪ್ರಮಾಣ ಪತ್ರದಲ್ಲಿ ವಿಕಲತೆ 40 ಪರ್ಸೆಂಟಾದರೂ ಇರಬೇಕು. ತಪಾಸಣೆಗೆ ಹೋಗುವಾಗ ಆ ನೋಟ್‌ಬುಕ್ ತಗೊಂಡು ಹೋಗಿ. ಆನ್ ಹೊತ್ತಿನಲ್ಲಿ ನಿಮ್ಮನ್ನು ನೋಡಿದವರಿಗೆ ಆಫ್ ಹೊತ್ತು ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ.

ಮುಂದೆ ಕಾಯಿಲೆ ಹೆಚ್ಚಾದಾಗ ಏನು ಬೇಕು, ಏನು ಬೇಡ ಅನ್ನುವುದನ್ನೂ ಮನೆಯವರ ಹತ್ತಿರ ಒಂದು ಒಳ್ಳೆಯ ಗಂಟೆಯಲ್ಲಿ ಮಾತಾಡಿ. ಅಪಶಕುನ ಅನ್ನುತ್ತಾರೆ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬಂತು.

ಹಂತ 10: ತೀರಾ ಕೆಟ್ಟ ದಿನಕ್ಕೆ ಒಂದು ಹಾಳೆ

ಇದೆಲ್ಲ ಮಾಡಿದರೂ ಕೆಟ್ಟ ದಿನ ಬರುತ್ತದೆ. ಆ ದಿನ ಯೋಚನೆ ಮಾಡುವ ಶಕ್ತಿ ಇರುವುದಿಲ್ಲ, ಅದಕ್ಕೆ ಒಳ್ಳೆಯ ದಿನವೇ ಒಂದು ಹಾಳೆ ಬರೆದು ಫ್ರಿಜ್ಜಿಗೆ ಅಂಟಿಸಿ. ನನ್ನ ಹಾಳೆಯಲ್ಲಿ ಇರುವುದು ಇಷ್ಟು.

ಮಾತ್ರೆ ತಗೊಂಡೆಯಾ? ಎಷ್ಟು ಹೊತ್ತಿಗೆ?
ನೀರು ಕುಡಿ. ಹೊಟ್ಟೆ ಕಟ್ಟಿ ಎಷ್ಟು ದಿನ ಆಯಿತು? (ಮಲಬದ್ಧತೆ ಇದ್ದರೆ ಮಾತ್ರೆಯೂ ಸರಿಯಾಗಿ ಹಿಡಿಯುವುದಿಲ್ಲ.)
ಜ್ವರ, ಉರಿಮೂತ್ರ ಇದೆಯಾ? (ಸಣ್ಣ ಸೋಂಕೂ ನಮ್ಮನ್ನು ಒಂದೇ ದಿನದಲ್ಲಿ ಕೆಡವುತ್ತದೆ. ಕಾಯಿಲೆ ದಿಢೀರನೆ ಹೆಚ್ಚಾದ ಹಾಗೆ ಕಂಡರೆ ಮೊದಲು ಇದನ್ನು ನೋಡಿಸಿ.)
ಸ್ನಾನ ಬೇಡ. ಮುಖ ತೊಳೆದರೆ ಸಾಕು.
ತಂಗಿಗೆ ಫೋನ್ ಮಾಡು. ಮಾತಾಡಲು ಆಗದಿದ್ದರೆ ಅವಳೇ ಮಾತಾಡಲಿ.
ಸಂಜೆ ಗೇಟಿನ ತನಕ. ಎರಡು ಎಳೆ ದಾಟಿ.